ಶಿಶುಪಾಲನ ನೂರು ತಪ್ಪು

ಮಧ್ಯಾಹ್ನ ಒಂದು ಗಂಟೆ ಬೆನ್ನು ನೆಲಕ್ಕೆ ತಾಗಿಸಬೇಕು. ಈ ವಯಸ್ಸಿನಲ್ಲಿ ನನ್ನ ಆಸೆ ಅಷ್ಟೇ. ಆದರೆ ಸೊಸೆ ಲತಾ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿಗೆ ಹೊರಟ ಮೇಲೆ ಎರಡು ವರ್ಷದ ಮೊಮ್ಮಗಳು ತನ್ಮಯಿ ನನ್ನ ಪಾಲು. ನಾನು ಕಣ್ಣು ಮುಚ್ಚಿದರೆ ಸಾಕು, ಬೆರಳಿನಿಂದ ರೆಪ್ಪೆ ಎತ್ತಿ, ಒಳಗೆ ಅಜ್ಜಿ ಇದ್ದಾಳೋ ಇಲ್ಲವೋ ಎಂದು ನೋಡುತ್ತಾಳೆ.

ಒಂದು ದಿನ ಲತಾ ಸುದ್ದಿ ತಂದಳು. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ನಮ್ಮ ಬೀದಿಯಲ್ಲೇ ಸರ್ಕಾರದ ಅನುದಾನದಿಂದ ಶಿಶುಪಾಲನಾ ಕೇಂದ್ರ ತೆರೆಯುತ್ತಾರಂತೆ. ಬಾಡಿಗೆ, ಹಾಲು, ಮೊಟ್ಟೆ ಎಲ್ಲ ಅವರದೇ. ಹತ್ತು ಮಕ್ಕಳು ಸೇರದಿದ್ದರೆ ಮಾತ್ರ ಅನುದಾನವಿಲ್ಲ.

(ನಾನು ಓದಿದ್ದು ಎರಡನೇ ಕ್ಲಾಸು, ಹರಿಕಥೆ ಕೇಳಿ ಕೇಳಿ ಕಿವಿ ಮಾತ್ರ ಎಂ.ಎ. ಮಾಡಿದೆ. ನನಗೆ ಗೊತ್ತಿದ್ದ ಶಿಶುಪಾಲ ಒಬ್ಬನೇ, ಕೃಷ್ಣನಿಂದ ನೂರು ತಪ್ಪು ಮನ್ನಿಸಿಕೊಂಡವನು. ತನ್ಮಯಿಯ ನೂರು ತಿಂಡಿಗೆ ಮುಂಚೆಯೇ ಮುಗಿದಿರುತ್ತದೆ.)

"ಇನ್ನೊಂಬತ್ತು ಮಕ್ಕಳನ್ನ ನಾನು ಹುಡುಕ್ತೀನಿ," ಎಂದೆ.

ನಮ್ಮ ಯಜಮಾನರು ಉಗ್ರಪ್ಪನವರು (ಉಗ್ರ ಎಲ್ಲ ಹೆಸರಲ್ಲೇ ಖರ್ಚಾಗಿದೆ) ಪೇಪರಿನಿಂದ ತಲೆ ಎತ್ತಿದರು. "ಮಂಡಿ ನೋವು ಅಂತ ಹಾಲಿಗೂ ನನ್ನೇ ಕಳಿಸ್ತೀಯ. ಬೀದಿ ಸುತ್ತೋಕೆ ಹೊಸ ಮಂಡಿ ಬಂತಾ?"

ಬಂತು. ಹದಿನೈದು ದಿನ ಸುತ್ತಿದೆ. ನಮ್ಮ ಮಗು ಹೊಸಬರ ಹತ್ತಿರ ಇರಲ್ಲ ಎಂದವರ ಮನೆಯಲ್ಲಿ ಕೂತು, ಅವರ ಅತ್ತೆಯ ಕಥೆಯನ್ನೆಲ್ಲ ಕೇಳಿ, ಮಗುವನ್ನು ತೊಡೆಯ ಮೇಲೆ ತಟ್ಟಿ ಮಲಗಿಸಿ, ಹೆಸರು ಬರೆಸಿಕೊಂಡೇ ಎದ್ದೆ.

ಅನುದಾನ ಕೊಡುವ ಇಲಾಖೆಯ ಸೂಪರ್‌ವೈಸರ್ ಮೇಡಂ ಮಕ್ಕಳನ್ನು ನೋಡಲು ಬಂದ ದಿನ ತಾಯಂದಿರೆಲ್ಲ ಕೆಲಸದಲ್ಲಿ. ಹತ್ತೂ ಮಕ್ಕಳು ನನ್ನ ಸೆರಗಿಗೆ ಜೋತುಬಿದ್ದಿದ್ದವು. ಮೇಡಂ ಅರ್ಜಿಯ ಮೇಲೆ ಪೆನ್ನು ನಿಲ್ಲಿಸಿ ಕೇಳಿದರು: "ಪಾಲನೆ ಮಾಡೋರು ಯಾರು?"

ಕೇಳುತ್ತಿರುವುದು ತನ್ಮಯಿಯ ವಿಷಯ ಎಂದುಕೊಂಡೆ. "ನಾನೇ ಮೇಡಂ. ಇನ್ಯಾರ ಕೈಗೂ ಕೊಡಲ್ಲ," ಎಂದು ಜಂಬದಿಂದ ಸಹಿಯನ್ನೂ ಹಾಕಿದೆ.

ಅನುದಾನ ಬಂತು. ಜೊತೆಗೆ ಬಂದ ಕಾಗದವನ್ನು ಲತಾ ಓದಿದಳು: ಬೇರೆಯವರು ಸಿಗುವ ತನಕ ಕೇಂದ್ರದ ಪಾಲಕಿ ಚಿಕ್ಕಲಕ್ಷ್ಮಮ್ಮ (ಅಂದರೆ ನಾನೇ), ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು. ಆಗಲ್ಲ ಎನ್ನಲು ಹೋದರೆ ಬಾಗಿಲಲ್ಲಿ ಒಂಬತ್ತು ತಾಯಂದಿರು. ಅಜ್ಜಿ ಇರುತ್ತಾರೆ ಎಂದೇ ಒಪ್ಪಿದ್ದರಂತೆ.

"ಕೃಷ್ಣ ಒಬ್ಬಂದು ನೂರು ಎಣಿಸ್ದ. ನೀನು ಸಾವಿರ ಎಣಿಸ್ಬೇಕು ಕಣೇ," ಎಂದರು ಯಜಮಾನರು, ನನ್ನ ಚಾಪೆ ಬಿಡಿಸಿ ಬೆನ್ನು ನೆಲಕ್ಕೆ ತಾಗಿಸುತ್ತಾ.