ಮೂಲೆ ಇರುವ ಅಕ್ಷರ

ಬೋರ್ಡು ಬರೆಸಲು ಬರುವವರು ಬಣ್ಣದ ವಿಷಯ ನಮಗೆ ಬಿಡುತ್ತಾರೆ, ಅಳತೆಯನ್ನೂ ಬಿಡುತ್ತಾರೆ. ಅಕ್ಷರದ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ಸಿಂದಗಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವುದು ನನ್ನ ಕೆಲಸ. ಕನ್ನಡ ಅಕ್ಷರ ಚೌಕವಾದರೆ ಹೇಗೆ ಕಂಡೀತು ಎಂಬ ಕುತೂಹಲಕ್ಕೆ ಎರಡು ವರ್ಷ ಕುಳಿತು ಒಂದು ಫಾಂಟ್ ಮಾಡಿದೆ. ಬಾಗುವ ಕಡೆಯೆಲ್ಲ ಮೂಲೆ, ದಪ್ಪ ಇಟ್ಟಿಗೆಯಷ್ಟು. ಮಾಲೀಕರು ನೋಡಿ, "ತಮ್ಮಾ, ಅಕ್ಷರ ಬರದೀಯೋ, ಪ್ಲಾಟ್ ಹಾಕೀಯೋ?" ಎಂದರು. ದೀಪಾವಳಿಯೊಳಗೆ ಇದರ ಒಂದಾದರೂ ಬೋರ್ಡು ರಸ್ತೆಗೆ ಬರದಿದ್ದರೆ ಫಾಂಟನ್ನು ಕಂಪ್ಯೂಟರಿನಿಂದ ಅಳಿಸುವುದೆಂದು ತೀರ್ಮಾನವಾಯಿತು.

ಹೊರ್ತಿಯ ನಿಂಬೆ

ಮೊದಲು ಸಿಕ್ಕವರು ಹೊರ್ತಿಯ ಒಬ್ಬ ನಿಂಬೆ ಬೆಳೆಗಾರರು. ಮಳಿಗೆಗೆ ಬೋರ್ಡು ಬೇಕಿತ್ತು. ನನ್ನ ಅಕ್ಷರ ತೋರಿಸಿದೆ.

"ನಿಂಬಿಹಣ್ಣು ಗುಂಡಗ ಇರ್ತಾವ್ರಿ. ಇದು ಕೈಗೆ ಚುಚ್ಚಿದಂಗ ಕಾಣ್ತೈತಿ."

"ನಿಂಬಿ ಗಿಡಕ್ಕ ಮುಳ್ಳು ಇರ್ತಾವಲ್ರಿ ಯಜಮಾನ್ರ, ಹೊಂದತೈತಿ."

"ಇರ್ತಾವ. ಅದಕ್ಕ ಅವನ್ನ ಗಿಡದಾಗ ಬಿಟ್ಟು ಹಣ್ಣಷ್ಟ ತಂದೇನಿ."

ಮುದ್ದೇಬಿಹಾಳದ ನೈಋತ್ಯ

ಮುದ್ದೇಬಿಹಾಳದ ಮಾಸ್ತರೊಬ್ಬರಿಗೆ ಹೊಸ ಮನೆಯ ಹೆಸರಿನ ಫಲಕಕ್ಕೆ ಈ ಅಕ್ಷರ ಹಿಡಿಸಿಯೇ ಬಿಟ್ಟಿತು. ಮರುದಿನ ವಾಸ್ತು ನೋಡುವವರನ್ನು ಕರೆದುಕೊಂಡು ಬಂದರು. ಅವರು ಕಾಗದ ಹಾಸಿ, ದಿಕ್ಸೂಚಿ ಇಟ್ಟು, ಮೊದಲ ಅಕ್ಷರದ ಮೇಲೆ ಬೆರಳೂರಿದರು.

"ಇದರ ನೈಋತ್ಯ ಮೂಲಿ ಕಟ್ ಆಗೈತ್ರಿ. ಯಜಮಾನಗ ಛಲೋ ಅಲ್ಲ."

"ಇದು ಅಕ್ಷರರೀ, ಮನಿ ಅಲ್ಲ" ಎಂದೆ.

"ದುಂಡ ಅಕ್ಷರ ಹಾಕ್ರಿ. ಮೂಲೀನ ಇಲ್ಲಂದ್ರ ನಾನರ ದೋಷ ಎಲ್ಲಿ ಹುಡುಕ್ಲಿ?"

ಹೂವಿನ ಹಿಪ್ಪರಗಿಯ ಹುಟ್ಟುಹಬ್ಬ

ದೀಪಾವಳಿಗೆ ನಾಲ್ಕು ದಿನ ಇತ್ತು. ಹೂವಿನ ಹಿಪ್ಪರಗಿಯ ಹುಡುಗರು ಗೆಳೆಯನ ಹುಟ್ಟುಹಬ್ಬದ ಫ್ಲೆಕ್ಸಿಗೆ ಬಂದರು. ನಮ್ಮ ಕಡೆ ಇಂಥ ಫ್ಲೆಕ್ಸಿನಲ್ಲಿ ಶುಭ ಕೋರುವವರೆಲ್ಲರ ಫೋಟೋ ಇರಬೇಕು. ಎಲ್ಲ ಕಡೆ ತುಂಬಿದ ಮೇಲೂ ಹದಿನೆಂಟು ಮಂದಿ ಉಳಿದರು.

"ಇವರನ್ನ ಬಿಟ್ಟಬಿಡೂಣೇನ್ರಿ?" ಎಂದೆ.

"ಬಿಟ್ರ ಜಲ್ಮದಾಗ ಮಾತಾಡೂದಿಲ್ರಿ ಅಣ್ಣಾರ!"

ಅವರಲ್ಲೊಬ್ಬ, "ಅಕ್ಷರದ ಒಳಗ ಕೂಡಸ್ರಿ" ಎಂದ. ದುಂಡನೆಯ ಅಕ್ಷರದಲ್ಲಿ ಕೂಡಿಸಿ ನೋಡಿದೆ. ಒಬ್ಬನ ಕಿವಿ ಹೋಯಿತು, ಇನ್ನೊಬ್ಬನ ಗಲ್ಲ. ಕೊನೆಗೆ ನನ್ನ ಅಕ್ಷರ ತೆರೆದೆ. ಪಾಸ್‌ಪೋರ್ಟ್ ಫೋಟೋ ಅಳತೆ ಕೊಟ್ಟು ಹೊಲಿಸಿದಂತೆ ಕುಳಿತವು. 'ಹುಟ್ಟುಹಬ್ಬದ ಶುಭಾಶಯ' ಎಂಬುದರೊಳಗೆ ಹದಿನೆಂಟೂ ಮಂದಿ, ಎರಡೆರಡು ಕಿವಿ ಸಮೇತ.

ಫ್ಲೆಕ್ಸು ಮರುದಿನವೇ ಏರಿತು. "ಇರಲಿ, ಅಳಸಬ್ಯಾಡ" ಎಂದರು ಮಾಲೀಕರು.

ನೋಡಲು ಹೋದೆ. ರಸ್ತೆಯಲ್ಲಿ ಹತ್ತಾರು ಮಂದಿ ಕತ್ತೆತ್ತಿ ನಿಂತಿದ್ದರು. ಒಬ್ಬ ಹಿರಿಯರಂತೂ ಒಂದೊಂದೇ ಅಕ್ಷರಕ್ಕೆ ಬೆರಳು ಮಾಡಿ ನಿಧಾನವಾಗಿ ಮುಂದೆ ಹೋಗುತ್ತಿದ್ದರು. ಎರಡು ವರ್ಷದ ದುಡಿಮೆ ಸಾರ್ಥಕವಾಯಿತು ಎನ್ನಿಸಿತು. ಹತ್ತಿರ ಹೋಗಿ, ಏನೂ ಅರಿಯದವನಂತೆ ಕೇಳಿದೆ:

"ಏನಂತ ಬರದಾರ್ರಿ ಕಾಕಾ?"

"ಅದನ್ನ ಯಾರು ಓದ್ಯಾರೋ ತಮ್ಮಾ! ನಮ್ಮ ಅಳ್ಯಾನ ನೋಡಲ್ಲೆ, ಆ 'ಶು'ದ ಕೊಂಬಿನ ತುದೀಗೆ ಕುಂದರಿಸ್ಯಾರ. ಮನಿ ಅಳ್ಯಾಗ ಒಳಗ ಜಾಗಾ ಕೊಡಾಕ ಏನಾಗಿತ್ತಂತ?"