ಬೆನ್ನುನೋವಿಗೆ ಗೇಟ್ ಪಾಸ್

ಭಿವಂಡಿಯ ಏಳನೇ ನಂಬರ್ ಗೋದಾಮಿನಲ್ಲಿ ಮೇ ತಿಂಗಳ ಹನ್ನೆರಡನೇ ತಾರೀಖಿನಿಂದ ಬೆನ್ನುನೋವು ಇರುವುದಿಲ್ಲ. ಈ ಬಗ್ಗೆ ಗೇಟಿನ ಪಕ್ಕ, ಬೀಡಿ ಸೇದಬಾರದು ಎಂಬ ಫಲಕದ ಕೆಳಗೆ, ಕನ್ನಡ, ಮರಾಠಿ ಮತ್ತು ಹಿಂದಿಯಲ್ಲಿ ನೋಟೀಸು ಅಂಟಿಸಲಾಗಿದೆ. ನೋಟೀಸಿನ ಮೇಲೆ ಥಾಣೆಯ ಹೆಡ್ಡಾಫೀಸಿನ ಮೊಹರು ಇರುವುದರಿಂದ ಸಂಶಯಪಡುವಂಥದ್ದೇನೂ ಇಲ್ಲ.

ಆ ತಾರೀಖಿನವರೆಗೆ ಬೆನ್ನುನೋವು ಇತ್ತು, ಅದರಲ್ಲೂ ಸೈದಪ್ಪನಿಗೆ ಇತ್ತು ಎಂಬುದನ್ನು ಕಂಪನಿ ಎಂದೂ ಅಲ್ಲಗಳೆದಿಲ್ಲ. ಸೈದಪ್ಪ ಆಳಂದದ ಕಡೆಯವನು. ಹದಿನೆಂಟು ವರ್ಷದಿಂದ ಇಲ್ಲಿ ಹಮಾಲ. ಏಪ್ರಿಲಿನಲ್ಲಿ ಫ್ರಿಜ್ಜೊಂದನ್ನು ಬೆನ್ನ ಮೇಲೆ ಹೊತ್ತು ಇಳಿಸುವಾಗ ಸೊಂಟದಲ್ಲಿ ಏನೋ ಚಟಕ್ಕೆಂದಿತು. ಸರಕಾರಿ ಆಸ್ಪತ್ರೆಯ ಡಾಕ್ಟರು ಆರು ವಾರ ಭಾರ ಎತ್ತಬಾರದು, ಎತ್ತಿದರೆ ಕಾಲೇ ಹೋದೀತು ಎಂದು ಚೀಟಿ ಬರೆದುಕೊಟ್ಟರು. ಅಂಥ ಚೀಟಿ ತಂದವನನ್ನು ಸ್ಟೂಲಿನ ಮೇಲೆ ಕೂರಿಸಿ ಬಾಕ್ಸುಗಳಿಗೆ ಸ್ಟಿಕ್ಕರ್ ಹಚ್ಚುವ ಕೆಲಸ ಕೊಡತಕ್ಕದ್ದು ಎಂದು ಕಂಪನಿಯ ನಿಯಮವಿದೆ. ದುರದೃಷ್ಟವಶಾತ್ ಅದೇ ತಿಂಗಳು ಹನ್ನೊಂದು ಮಂದಿ ಚೀಟಿ ತಂದರು. ಸ್ಟೂಲು ಒಂದೇ ಇತ್ತು, ಅದರ ಮೇಲೂ ಮೇಲ್ವಿಚಾರಕ ರಮಾಕಾಂತರು ಊಟದ ಡಬ್ಬಿ ಇಡುತ್ತಿದ್ದರು.

ರಮಾಕಾಂತರು ಮೂಲತಃ ಉಡುಪಿಯವರು, ಡೊಂಬಿವಲಿಯಲ್ಲಿ ಮನೆ, ಕೆಟ್ಟವರಲ್ಲ. ನಾಲ್ಕು ಕೈಗಾಡಿ ಬೇಕೆಂದು ಹೆಡ್ಡಾಫೀಸಿಗೆ ಬರೆದರು. ಹೆಡ್ಡಾಫೀಸು ವಿಷಯವನ್ನು ಗಂಭೀರವಾಗಿ ಪರಿಗಣಿಸಿತು. ಕೈಗಾಡಿ ತಂದರೆ ಭಾರದ ಸಮಸ್ಯೆ ಮಾತ್ರ ತೀರುತ್ತದೆ, ನೋವಿನ ಮೂಲ ಹಾಗೇ ಉಳಿಯುತ್ತದೆ ಎಂದು ಅಭಿಪ್ರಾಯಪಟ್ಟು, ಖಾರಘರದಿಂದ ಮಾಸ್ಟರ್ ಮನೀಶ್ ಅವರನ್ನು ಕಳಿಸಿತು.

ಮಾಸ್ಟರ್ ಮನೀಶ್ ಮೊಬೈಲ್ ಕವರ್ ಖರೀದಿಗೆಂದು ಚೀನಾಕ್ಕೆ ಹೋಗಿ, ಒಂಬತ್ತೇ ದಿನದಲ್ಲಿ ಚಿ ಎಂಬ ಪ್ರಾಣಶಕ್ತಿಯನ್ನು ಸಂಪಾದಿಸಿಕೊಂಡು ಬಂದವರು. ಅವರ ಗುರುಗಳು ಅಲ್ಲಿಯ ಪಾರಂಪರಿಕ ವೈದ್ಯರು. ಮಡಿಸಿದ ಕಾಗದವನ್ನು ಕಿವಿಗೆ ಹಿಡಿದು ಓದುತ್ತಾರೆ, ಅಂಗೈಯಲ್ಲಿ ನೀರು ಕುದಿಸುತ್ತಾರೆ, ಇಪ್ಪತ್ತು ಹೆಜ್ಜೆ ದೂರದಿಂದ ಶಿಷ್ಯರನ್ನು ಕೆಡವುತ್ತಾರೆ. ಮಾಸ್ಟರ್ ತೋರಿಸಿದ ವಿಡಿಯೋದಲ್ಲಿ ಗುರುಗಳು ಕೈ ಎತ್ತುವುದಕ್ಕೆ ಮೊದಲೇ ಮೂವರು ಶಿಷ್ಯರು ಬಿದ್ದಿದ್ದರು. ಶಕ್ತಿ ಅಷ್ಟು ತೀವ್ರವಾಗಿತ್ತು.

ಹನ್ನೆರಡರಂದು ಮಧ್ಯಾಹ್ನ ಎರಡು ಗಂಟೆಗೆ, ತಗಡಿನ ಸೂರಿನ ಕೆಳಗೆ ಹಮಾಲರನ್ನು ಸಾಲಾಗಿ ನಿಲ್ಲಿಸಲಾಯಿತು. ಮಾಸ್ಟರ್ ಒಬ್ಬೊಬ್ಬರ ಬೆನ್ನಿಗೂ ಒಂದು ಮೊಳ ದೂರದಲ್ಲಿ ಅಂಗೈ ಹಿಡಿದು, "ಗರಮ್ ಲಗ್ತಾ ಹೈ?" ಎಂದು ಕೇಳುತ್ತಾ ಬಂದರು.

"ಮೇ ತಿಂಗಳದಾಗ ತಗಡಿನ ಬುಡಕ ನಿಂದ್ರಿಸೀರಿ, ಗರಂ ಆಗ್ಲಾರ್ದೆ ಏನ್ರಿ?" ಎಂದ ಸೈದಪ್ಪ.

ರಮಾಕಾಂತರು ಫಾರಂನಲ್ಲಿ 'ಬಿಸಿಯ ಅನುಭವ: ಹೌದು' ಎಂದು ಬರೆದುಕೊಂಡರು. ನಲವತ್ತಮೂರು ಮಂದಿಗೂ ಹೌದು ಎಂದೇ ಬಂತು. ಬಾಗಿಲಲ್ಲಿ ಮಲಗಿದ್ದ ನಾಯಿಯೂ ನಾಲಗೆ ಹೊರಗೆ ಹಾಕಿತ್ತಾದರೂ ಅದು ನೌಕರಿಯಲ್ಲಿ ಇಲ್ಲದ ಕಾರಣ ಪರಿಗಣಿಸಲಿಲ್ಲ. ಡಾಕ್ಟರ ಚೀಟಿಗಳನ್ನು ಧನ್ಯವಾದಪೂರ್ವಕ ವಾಪಸು ಮಾಡಲಾಯಿತು, ಏಕೆಂದರೆ ಅವು ನೋವಿದ್ದವರ ಬಗ್ಗೆ ಬರೆದಂಥವು.

ಮಾರನೇ ದಿನ ಸೈದಪ್ಪ ಸೊಂಟ ಹಿಡಿದುಕೊಂಡೇ ಬಂದ.

"ಸಾಹೇಬ್ರ, ನೋವು ಹಂಗೇ ಅದರಿ. ಬಗ್ಗಾಕ ಬರವಲ್ದು."

"ಎಂತ ಮಾರಾಯ ನೀನು! ಇಲ್ಲಿದ್ದ ನೋವೆಲ್ಲ ನಿನ್ನೆಯೇ ತೆಗೆದಾಗಿದೆ. ಈಗ ಉಂಟು ಅಂದ್ರೆ ಅದು ಇಲ್ಲಿಯದ್ದಲ್ಲ, ನೀನು ಮನೆಯಿಂದ ತಂದದ್ದು," ಎಂದು ರಮಾಕಾಂತರು ನಿಯಮ ಒಂಬತ್ತನ್ನು ಓದಿ ಹೇಳಿದರು. ಹೊರಗಿನ ಯಾವುದನ್ನೂ ಗೇಟ್ ಪಾಸ್ ಇಲ್ಲದೆ ಒಳಗೆ ತರತಕ್ಕದ್ದಲ್ಲ.

ಹದಿನೆಂಟು ವರ್ಷದ ಹಮಾಲಿಯಲ್ಲಿ ಸೈದಪ್ಪ ಗಟ್ಟಿಯಾಗಿ ಕಲಿತದ್ದು ಒಂದೇ: ಕಾಗದವಿಲ್ಲದ ಮಾಲನ್ನು ಮುಟ್ಟಬಾರದು. ಚಲನ್ ಇಲ್ಲದ ಬಾಕ್ಸು ಒಡೆದರೆ ತಪ್ಪು ಯಾವಾಗಲೂ ಹಮಾಲನದೇ. ಆದ್ದರಿಂದ ಜಗಳಕ್ಕಿಳಿಯದೆ, "ಹಂಗಾದ್ರ ಪಾಸ್ ಮಾಡಿಕೊಡ್ರಿ," ಎಂದ.

ಕೇಳಿದವನಿಗೆ ಪಾಸು ಇಲ್ಲವೆನ್ನಲು ನಿಯಮವಿರಲಿಲ್ಲ. ಗೋದಾಮಿನಲ್ಲಿ ಬಿಡಿ ಮಾಲಿಗೆ ನಗ ಎನ್ನುತ್ತಾರೆ. ರಮಾಕಾಂತರು 'ಬೆನ್ನುನೋವು, ಒಂದು ನಗ, ಬಳಸಿದ್ದು' ಎಂದು ಬರೆದು ಮೊಹರು ಹಾಕಿದರು. ತೊಂದರೆ ಶುರುವಾದದ್ದು ಲಾರಿಯ ಹತ್ತಿರ. ನಿಯಮ ಹದಿನಾಲ್ಕರ ಪ್ರಕಾರ ಒಬ್ಬ ಹಮಾಲ ಒಂದು ಸಲಕ್ಕೆ ಒಂದೇ ನಗ ಹೊರಬೇಕು.

"ಒಂದು ಹೊತ್ತೀನಲ್ರಿ," ಎಂದು ಸೈದಪ್ಪ ಪಾಸು ತೋರಿಸಿದ.

"ಹಾಗಾದ್ರೆ ಅದನ್ನು ಕೆಳಗಿಡು."

"ಎಲ್ಲಿ ಇಡ್ಲಿ? ರ‍್ಯಾಕ್ ನಂಬರ್ ಹೇಳ್ರಿ."

ಬೆನ್ನುನೋವಿಗೆ ರ‍್ಯಾಕ್ ಮಂಜೂರಾಗಿರಲಿಲ್ಲ. ರಮಾಕಾಂತರು ಡಬ್ಬಿ ಎತ್ತಿಕೊಂಡು ಸ್ಟೂಲು ಬಿಟ್ಟುಕೊಟ್ಟರು. ಮೂರು ದಿನ ಸೈದಪ್ಪ ಕೂತು ಸ್ಟಿಕ್ಕರ್ ಹಚ್ಚಿದ. ಮೂರನೇ ಸಂಜೆ ಗೋಡೆ ಹಿಡಿಯದೆ ಎದ್ದು ನಿಂತಾಗ ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

ನಾಲ್ಕನೇ ದಿನ ಗೇಟಿನಲ್ಲಿ ಉಳಿದ ನಲವತ್ತೆರಡು ಮಂದಿಯೂ ಪಾಸಿಗೆ ಸಾಲು ಹಚ್ಚಿದ್ದರು. ಮಂಡಿನೋವೂ ಸೇರಿ ಎರಡೆರಡು ನಗ ತಂದಿದ್ದ ಇಬ್ಬರನ್ನು ನಿಯಮ ಹದಿನಾಲ್ಕರ ಉಲ್ಲಂಘನೆಗಾಗಿ ಮನೆಗೆ ಕಳಿಸಲಾಯಿತು. ಹೊರಗೆ ಲಾರಿಗಳು ನಾಸಿಕ್ ರಸ್ತೆಯ ತನಕ ನಿಂತವು.

ಹೆಡ್ಡಾಫೀಸು ಮಾಸ್ಟರನ್ನು ಕೇಳಿತು. ಮಾಸ್ಟರ್ ವಿಡಿಯೋ ಕಾಲಿನಲ್ಲಿ ಗುರುಗಳನ್ನು ಕೇಳಿದರು. ಸಿಗ್ನಲ್ ಚೆನ್ನಾಗಿದ್ದರೆ ಚಿ ನೋವನ್ನು ಎಲ್ಲಿಗೆ ಬೇಕಾದರೂ ಸಾಗಿಸಬಲ್ಲದು, ವಿಳಾಸ ಕೊಡಿ ಎಂದರು ಗುರುಗಳು. ಸಾಗಾಣಿಕೆಯೇ ಕಸುಬಾದ ಕಂಪನಿಗೆ ಈ ಮಾತು ಕೂಡಲೇ ಅರ್ಥವಾಯಿತು. ಅದೇ ಸಂಜೆ ಪ್ರಕಟಣೆ ಹೊರಬಿತ್ತು:

'ನೌಕರರ ಹೆಸರಿನಲ್ಲಿ ಒಳಬಂದಿರುವ ಸಮಸ್ತ ನೋವನ್ನೂ ಅವರವರ ಮನೆಗೆ ತಲುಪಿಸಲಾಗುವುದು. ಮನೆಯವರು ಸಹಿ ಮಾಡಿ ಪಡೆದುಕೊಳ್ಳತಕ್ಕದ್ದು. ಸಹಿ ಬರುವವರೆಗೆ ಸದರಿ ನೌಕರನಿಗೆ ಗೇಟಿನೊಳಗೆ ಪ್ರವೇಶವಿಲ್ಲ, ಹಾಜರಿಯೂ ಇಲ್ಲ. ತಲುಪಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ.'

ತಮ್ಮ ಮನೆಗೆ ಹೋಗುವ ದಾರಿಯಲ್ಲೇ ಇದೆ ಎಂದು ಸೈದಪ್ಪನ ರಸೀದಿಯನ್ನು ರಮಾಕಾಂತರೇ ಅವನಿದ್ದ ಕಲ್ಯಾಣದ ಚಾಳಿಗೆ ಒಯ್ದರು. ಬಾಗಿಲು ತೆಗೆದವಳು ಹೆಂಡತಿ ಗುರಮ್ಮ.

"ನಾವು ಇದನ್ನ ತರಿಸಿಲ್ರಿ," ಎಂದಳು. "ಇದು ನಿಮ್ಮಲ್ಲೇ ಹುಟ್ಟಿದ್ದು, ನೀವೇ ಇಟ್ಕೋರಿ."

"ನನಗೆ ಗೊತ್ತಿಲ್ವಾ ಅಕ್ಕಾ? ನನ್ನ ಕೈಯಲ್ಲಿ ಎಂತ ಉಂಟು ಹೇಳಿ," ಎಂದರು ರಮಾಕಾಂತರು. ಅವರಿಗೆ ನಿಜಕ್ಕೂ ನಾಚಿಕೆಯಾಗಿತ್ತು. ಆದರೂ ಕೈ ಪೆನ್ನನ್ನು ಚಾಚಿಕೊಂಡೇ ಇತ್ತು.

"ಡಾಕ್ಟರ್ ಆರು ವಾರ ಅಂದಾರ, ನೀವು ಮೂರೇ ದಿನಕ್ಕ ಎಬ್ಬಸ್ತೀರಿ. ನನ್ ಗಂಡ ನೆಲ ಹಿಡದ್ರ ಆ ಚೀನಾದಾಂವ ಬಂದು ಎತ್ತಾಂವೇನ್ರಿ?"

ಈ ಪ್ರಶ್ನೆಗೆ ರಸೀದಿಯಲ್ಲಿ ಜಾಗವಿರಲಿಲ್ಲ. ಗುರಮ್ಮ ಎರಡು ದಿನ ಹಟ ಹಿಡಿದಳು. ಎರಡು ದಿನವೂ ಸೈದಪ್ಪ ಗೇಟಿನ ತನಕ ಹೋಗಿ ವಾಪಸು ಬಂದ. ಮೂರನೇ ದಿನ ಜೋಳದ ಹಿಟ್ಟಿನ ಡಬ್ಬಿಯ ತಳ ಕಂಡಿತು. ಗುರಮ್ಮ ಕಂಪನಿಯ ಏಳು ತಲೆಮಾರನ್ನು ಬೈದು ಮುಗಿಸಿ, ಹೆಬ್ಬೆಟ್ಟು ಒತ್ತಿದಳು.

ಮಾಲು ಸುಸ್ಥಿತಿಯಲ್ಲಿ ತಲುಪಿದೆ ಎಂದು ದಾಖಲಾಯಿತು. ಸೈದಪ್ಪ ಆ ದಿನ ಐದು ಫ್ರಿಜ್ ಇಳಿಸಿದ. ಎರಡನೆಯದಕ್ಕೆ ಎಡಗಾಲು ಜೋಮು ಹಿಡಿಯಿತು. ಅವನು ಹಲ್ಲು ಕಚ್ಚಿ ನಿಂತದ್ದನ್ನು ರಮಾಕಾಂತರು ನೋಡಿದರು, ನೋಡಿ 'ನೌಕರನ ಮುಖಭಾವ: ಮುಗುಳ್ನಗೆ' ಎಂದು ಬರೆದುಕೊಂಡರು. ಹೆಡ್ಡಾಫೀಸಿನಲ್ಲಿ ಮಾಸ್ಟರಿಗೆ ಶಾಲು ಹೊದಿಸಿ, ಉಳಿದ ಆರು ಗೋದಾಮುಗಳನ್ನೂ ಒಪ್ಪಿಸಲಾಯಿತು.

ಸಂಜೆ ಶೇರ್ ರಿಕ್ಷಾದಿಂದ ಸೈದಪ್ಪನನ್ನು ಇಬ್ಬರು ಇಳಿಸಿ, ತೋಳು ಹಿಡಿದು ಚಾಳಿನೊಳಗೆ ತಂದರು. ಗುರಮ್ಮ ಚಾಪೆಯ ಮೇಲೆ ಬೋರಲು ಮಲಗಿಸಿ, ಎಣ್ಣೆ ಬಿಸಿ ಮಾಡಿ ತಂದಳು.

"ಮುಂಜಾನಿಂದ ಹಿಂಗೇ ನೋಯಾಕತ್ತಿತ್ತೇನು?"

ಹೆಂಡತಿಯ ಅಜ್ಞಾನ ಕಂಡು ಸೈದಪ್ಪನಿಗೆ ಸ್ವಲ್ಪ ಬೇಸರವೇ ಆಯಿತು.

"ಗೋದಾಮಿನಾಗ ಹೆಂಗ ನೋಯ್ತದ ಹುಚ್ಚಿ? ನೋವು ಮನ್ಯಾಗ ಅದ, ನೀನೇ ತೊಗೊಂಡೀದಿ. ನಾ ಈಗ ಒಳಗ ಬಂದೆ, ಈಗ ಹತ್ತೇದ."

ಗುರಮ್ಮ ಅವನ ಎಡಗಾಲಿನ ಹೆಬ್ಬೆರಳನ್ನು ಚಿವುಟಿದಳು. ಅವನು ಅಲುಗಲಿಲ್ಲ. ಇನ್ನೊಮ್ಮೆ, ಉಗುರು ಊರುವಂತೆ ಚಿವುಟಿದಳು.

"ಈ ಕಾಲು ಎಲ್ಲಿ ಬಿಟ್ಟು ಬಂದಿ?" ಎಂದಳು.

"ಅದು ಅಲ್ಲೇ ಉಳದಿರ್ಬೇಕು," ಎಂದ ಸೈದಪ್ಪ. "ನಾಳಿ ಸಾಹೇಬ್ರು ತಂದ್ರ ತೊಗೊಂಡು ಇಟ್ಟಿರು."

ಗುರಮ್ಮ ಎಣ್ಣೆ ಹತ್ತಿದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು, "ಆತು," ಎಂದಳು.