ಬಚ್ಚಲೊಲೆಗೂ ಇಂಜಂಕ್ಷನ್

ಸೋಮಾರಿಯಾದವನಿಗೆ ನೆಪಗಳ ಕೊರತೆಯಿರುವುದಿಲ್ಲ ಎಂದು ಜನ ತಿಳಿದಿದ್ದಾರೆ. ಅದು ಶುದ್ಧ ಸುಳ್ಳು. ಮದುವೆಯಾಗಿ ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ನನ್ನ ನೆಪಗಳೆಲ್ಲ ಸವೆದುಹೋಗಿದ್ದವು. ಬೆನ್ನುನೋವು, ಸ್ಕೂಲಿನ ಇನ್‌ಸ್ಪೆಕ್ಷನ್ನು, ಅಮಾವಾಸ್ಯೆ, ಯಾವುದನ್ನು ಶುರುಮಾಡಿದರೂ ಉಳಿದರ್ಧವನ್ನು ನಮ್ಮಾಕೆಯೇ ಹೇಳಿ ಮುಗಿಸಿ ಸುತ್ತಿಗೆಯನ್ನು ಕೈಗೆ ಕೊಡುತ್ತಿದ್ದಳು. ಅಂಥ ಕಷ್ಟಕಾಲದಲ್ಲಿ ನನ್ನ ಕೈಹಿಡಿದದ್ದು ಘನ ನ್ಯಾಯಾಲಯ.

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ನಾನು ದೊಡ್ಡಬಳ್ಳಾಪುರದಲ್ಲಿ ಕನ್ನಡ ಸ್ಕೂಲಿನ ಮೇಷ್ಟ್ರು. ನಾವಿದ್ದ ಬಾಡಿಗೆ ಮನೆ ದೊಡ್ಡಬೆಳವಂಗಲದ ಅಣ್ಣತಮ್ಮಂದಿರಿಬ್ಬರದು. ಹೊಲ, ಎತ್ತು, ಬಾವಿ ಎಲ್ಲವನ್ನೂ ಜಗಳವಿಲ್ಲದೆ ಹಂಚಿಕೊಂಡವರು ಈ ಮನೆಯ ಮಾತು ಬಂದಾಗ ಮುಖ ತಿರುಗಿಸಿಕೊಂಡು ಕೋರ್ಟಿಗೆ ಹೋದರು. ಒಂದು ದಿನ ಕೋರ್ಟಿನ ಅಮೀನ ಬಂದು ನಮ್ಮ ಬಾಗಿಲಿಗೆ ಇಂಗ್ಲಿಷಿನ ಕಾಗದವೊಂದನ್ನು ಅಂಟಿಸಿದ. ನನ್ನ ಇಂಗ್ಲಿಷು ರೈಲ್ವೆ ಸ್ಟೇಷನ್ನಿನ ಬೋರ್ಡು ಓದುವಷ್ಟು ಮಾತ್ರ. ಏನಪ್ಪಾ ಇದು ಎಂದು ಕೇಳಿದೆ. ಅವನು ನಮ್ಮಾಕೆ ಕೊಟ್ಟ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, "ಇಂಜಂಕ್ಷನ್ನು ಮೇಷ್ಟ್ರೇ. ತೀರ್ಪಾಗೋವರ್ಗೂ ಎಲ್ಲಾ ಇದ್ದಂಗೇ ಇರ್ಬೇಕು" ಎಂದು ಸೈಕಲ್ಲು ಹತ್ತಿದ.

ಎಲ್ಲಾ ಇದ್ದಂಗೇ ಇರ್ಬೇಕು! ನಾನು ಹುಟ್ಟಿದಾಗಿನಿಂದ ಹೇಳಬೇಕೆಂದುಕೊಂಡು ಹೇಳಲಾರದೆ ಒದ್ದಾಡುತ್ತಿದ್ದ ಮಾತನ್ನು ಮುನ್ಸೀಫರು ಒಂದೇ ಕಾಗದದಲ್ಲಿ ಹೇಳಿಬಿಟ್ಟಿದ್ದರು. ದೀಪಾವಳಿಗೆ ಸುಣ್ಣ ಹೊಡೆಯಿರಿ ಎಂದಳು ನಮ್ಮಾಕೆ. ಇಂಜಂಕ್ಷನ್ ಇದೆ ಎಂದೆ. ಮನೆ ಸೋರುತ್ತಿದೆ, ಹೆಂಚು ಕೈಯಾಡಿಸಿ ಎಂದಳು. ಇಂಜಂಕ್ಷನ್. ಕೊನೆಗೆ ಕ್ಯಾಲೆಂಡರು ನೇತುಹಾಕಲು ಒಂದು ಮೊಳೆ ಹೊಡೆಯಿರಿ ಎಂದಾಗ ನನಗೆ ನಿಜವಾಗಿಯೂ ಸಿಟ್ಟು ಬಂತು. ಚಳವಳಿಗೆ ಹೋಗಿ ಜೈಲು ಕಂಡವರು ಹೊರಗೆ ಬಂದರೆ ಹೂವಿನ ಹಾರ ಹಾಕುತ್ತಾರೆ, ಮೊಳೆ ಹೊಡೆದು ಜೈಲಿಗೆ ಹೋದವನಿಗೆ ಯಾರು ಹಾಕುತ್ತಾರೆ ಎಂದು ಕೇಳಿದೆ. ಅವಳು ಸುಮ್ಮನೆ ಹಿತ್ತಲ ಕಡೆ ನೋಡಿ, ಹಾಗಾದರೆ ನುಗ್ಗೇಕಾಯಿಯನ್ನೂ ಕೀಳುವಂತಿಲ್ಲವಲ್ಲ ಎಂದಳು. ನುಗ್ಗೇಕಾಯಿ ಹುಳಿಯೆಂದರೆ ನನಗೆ ಪ್ರಾಣ. ಮರ ಕೋರ್ಟಿನದು, ಕಾಯಿ ಬಾಡಿಗೆದಾರನದು ಎಂದು ಅಲ್ಲೇ ನಿಂತು ವಿವರಿಸಿದೆ. ಕಾನೂನನ್ನು ಅಷ್ಟು ಸೂಕ್ಷ್ಮವಾಗಿ ತಿಳಿದವರು ಆ ತಾಲ್ಲೂಕಿನಲ್ಲೇ ಇರಲಿಲ್ಲ.

ಸಂಜೆ ಜಗುಲಿಯ ಮೇಲೆ ಕೂತು ದಾರಿಹೋಕರಿಗೂ ಕಾನೂನು ಹೇಳತೊಡಗಿದೆ. ಗಾರೆ ಕೆಲಸದ ಮುನಿಶಾಮಿಯಂತೂ ಬಾಯಿಬಿಟ್ಟುಕೊಂಡು ಕೇಳುತ್ತಿದ್ದ. ಈ ಗೋಡೆಗೆ ಒಂದು ಹಿಡಿ ಮಣ್ಣು ಮೆತ್ತಿದವನಿಗೂ ಆರು ತಿಂಗಳು ಗ್ಯಾರಂಟಿ ಎಂದು ಅವನಿಗೆ ಹೇಳಿದ್ದು ನೆನಪಿದೆ. ಆರು ತಿಂಗಳೆಂದು ನನಗೆ ಯಾರು ಹೇಳಿದ್ದರೋ ನೆನಪಿಲ್ಲ.

ಹೀಗೆ ಎಂಟು ತಿಂಗಳು ಹಾಯಾಗಿ ಕಳೆದ ಮೇಲೆ ಬಚ್ಚಲುಮನೆಯ ಒಲೆ ಕುಸಿಯಿತು. ತಾಮ್ರದ ಹಂಡೆ ಒಂದು ಪಕ್ಕಕ್ಕೆ ವಾಲಿ, ಅದರಲ್ಲಿ ಎರಡು ತಂಬಿಗೆ ನೀರೂ ನಿಲ್ಲದಂತಾಯಿತು. ತಣ್ಣೀರು ಆರೋಗ್ಯಕ್ಕೆ ಒಳ್ಳೆಯದು ಎಂದೆ. ನಮ್ಮಾಕೆ ಈ ಸಲ ವಾದಕ್ಕೆ ಬರಲಿಲ್ಲ. ಒಲೆಯ ಮುಂದೆ ಹಾಗೇ ಕೂತುಬಿಟ್ಟಳು.

"ಬರೋ ತಿಂಗ್ಳು ಸರಸು ಬಾಣಂತನಕ್ಕೆ ಬರ್ತಾಳೆ ಕಣ್ರೀ. ಚೊಚ್ಚಲು. ದಿನಾ ಹಂಡೆ ತುಂಬ ಬಿಸಿನೀರು ಬೇಕು. ಕೂಸಿಗೂ ನಿಮ್ಮ ಇಂಜಂಕ್ಷನ್ ಓದಿ ಹೇಳ್ತೀರಾ?"

ಸರಸು ನಮಗೆ ಒಬ್ಬಳೇ ಮಗಳು. ಅವಳಿಗೆ ಬಿಸಿನೀರಿಲ್ಲದಂತೆ ಮಾಡಿದ ಅಪ್ಪನೆನ್ನಿಸಿಕೊಳ್ಳಲು ನಾನು ತಯಾರಿರಲಿಲ್ಲ, ಜೈಲಿಗೆ ಹೋಗಲೂ ತಯಾರಿರಲಿಲ್ಲ. ಎರಡು ದಿನ ಊಟ ರುಚಿಸಲಿಲ್ಲ.

ಮೂರನೆಯ ದಿನ ಸ್ಕೂಲಿನಿಂದ ಬರುವಾಗ ಎದುರುಮನೆಯ ಸತ್ತಾರ್ ಸಾಹೇಬರು ನಮ್ಮ ಬಾಗಿಲ ಮುಂದೆ ಕನ್ನಡಕ ಏರಿಸಿಕೊಂಡು ನಿಂತಿದ್ದರು. ಅವರು ತಾಲ್ಲೂಕು ಕಚೇರಿಯ ಮುಂದೆ ಕೂತು ಅರ್ಜಿ ಬರೆಯುವವರು, ಕನ್ನಡ ಇಂಗ್ಲಿಷು ಎರಡೂ ನೀರು ಕುಡಿದಷ್ಟು ಸಲೀಸು. ಕರೆಸಿದವಳು ನಮ್ಮಾಕೆ. ಎಂಟು ತಿಂಗಳು ಎದುರಿಗೇ ಇದ್ದ ಮನುಷ್ಯನನ್ನು ಕೇಳಬೇಕೆಂದು ನನಗೇಕೆ ಹೊಳೆಯಲಿಲ್ಲ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಾಹೇಬರು ಕಾಗದವನ್ನು ಕೊನೆಯವರೆಗೂ ಓದಿ ನನ್ನ ಕಡೆ ತಿರುಗಿದರು. "ಅರೇ ಮೇಷ್ಟ್ರೇ, ಮನೆ ಮಾರ್ಬಾರ್ದು, ಕೆಡವ್ಬಾರ್ದು ಅನ್ನೋದು ಆ ಅಣ್ಣತಮ್ಮಂದಿರಿಗೆ. ನಿಮ್ಗೆ ಕೆಳಗೆ ಬೇರೆ ಹುಕುಂ ಐತೆ. ಸಣ್ಣಪುಟ್ಟ ರಿಪೇರಿ ಎಲ್ಲಾ ಬಾಡಿಗೇಲಿರೋರೇ ಮಾಡ್ಸಿ, ಮನೇನ ಚೆನ್ನಾಗಿ ಇಟ್ಕೋಬೇಕು."

ನಮ್ಮಾಕೆ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಾಗಿತ್ತು. ಮುನಿಶಾಮಿಯನ್ನು ಕರೆದುಕೊಂಡು ಬನ್ನಿ ಎಂದಳು, ಅಷ್ಟೇ. ಓಡಿದೆ. ಮುನಿಶಾಮಿ ಕೈಮುಗಿದು, ಎರಡು ಮಕ್ಕಳ ತಂದೆ ನಾನು, ಕೋರ್ಟಿನ ಗೋಡೆ ಮುಟ್ಟಲಾರೆ ಎಂದ. ಸಾಹೇಬರು ಓದಿದ್ದನ್ನು ಹೇಳಿದರೆ ನಂಬಲೇ ಇಲ್ಲ. "ಆರು ತಿಂಗ್ಳು ಅಂತ ನೀವೇ ಹೇಳಿದ್ರಲ್ಲ ಸ್ವಾಮಿ" ಎಂದ. ಬೇರೆ ಇಬ್ಬರು ಗಾರೆಯವರ ಹತ್ತಿರ ಹೋದೆ. ನನ್ನ ಕಾನೂನು ಅಲ್ಲಿಗೆ ನನಗಿಂತ ಮೊದಲೇ ತಲುಪಿತ್ತು.

ಕಡೆಗೆ ಪಂಚೆ ಮೇಲಕ್ಕೆ ಕಟ್ಟಿ ನಾನೇ ಮಣ್ಣು ತುಳಿದೆ. ಹುಲ್ಲು ಕೊಚ್ಚಿ ಹಾಕಿದೆ, ಸಗಣಿ ಕಲಸಿದೆ. ಮೊದಲು ಹಾಕಿದ ಒಲೆ ಹಂಡೆಯ ಭಾರಕ್ಕೆ ಕೂತುಹೋಯಿತು. ಎರಡನೆಯದು ಹೊಗೆಯನ್ನೆಲ್ಲ ನನ್ನ ಮುಖಕ್ಕೇ ಬಿಟ್ಟಿತು. ನಮ್ಮಾಕೆ ಹೊಸ್ತಿಲ ಮೇಲೆ ಕೂತು, ಎಡಗಡೆ ಇನ್ನೊಂದು ಕಲ್ಲು, ಬಾಯಿ ಇನ್ನಷ್ಟು ಅಗಲ ಎನ್ನುತ್ತ ನಾಲ್ಕು ದಿನ ಕೆಲಸ ಮಾಡಿಸಿದಳು. ಮೂರನೆಯ ಒಲೆ ನಿಂತಿತು. ಸರಸು ಬಂದಳು, ಹೆಣ್ಣುಮಗುವಾಯಿತು. ಬಚ್ಚಲಲ್ಲಿ ಕೂಸಿಗೆ ಮೊದಲ ಸಲ ನೀರು ಹಾಕಿದಾಗ ಅದು ಸೂರು ಹಾರಿಹೋಗುವಂತೆ ಕಿರುಚಿತು. ನಾನು ಗೋಡೆಯ ಹೊರಗಿದ್ದ ಒಲೆಬಾಯಿಗೆ ಸೌದೆ ಒಟ್ಟುತ್ತ ಕೂತಿದ್ದೆ. ಅಷ್ಟು ಸಂತೋಷ ನನಗೆ ಸುಮ್ಮನೆ ಕೂತ ಎಂಟು ತಿಂಗಳಲ್ಲೂ ಆಗಿರಲಿಲ್ಲ.

ಮಗುವನ್ನು ನೋಡಲು ಕಲ್ಲುಸಕ್ಕರೆ ಹಿಡಿದು ಬಂದ ಸತ್ತಾರ್ ಸಾಹೇಬರು ಒಲೆಯನ್ನೂ ಬಗ್ಗಿ ನೋಡಿದರು. ಹೊಗೆಯೇ ಇಲ್ಲವಲ್ಲ, ನಮ್ಮ ಮನೆಯಲ್ಲೂ ಒಂದು ಹಾಕಿಕೊಡಿ ಎಂದರು. ನಾನು ಎದೆ ಸೆಟೆಸಿ, ಕೋರ್ಟಿನ ಆರ್ಡರಿಲ್ಲದೆ ನಾನು ಮಣ್ಣು ಮುಟ್ಟುವವನಲ್ಲ ಸಾಹೇಬರೇ ಎಂದೆ.

"ಸಾಯಂಕಾಲ ಕಳಿಸ್ಕೊಡ್ತೀನಿ ಬಿಡಿ ಸಾಹೇಬ್ರೇ" ಎಂದಳು ನಮ್ಮಾಕೆ ಒಳಗಿನಿಂದ.

ಸ್ಕೂಲು ಬಿಟ್ಟ ತಕ್ಷಣ ಹೋದೆ.